ಬಡ್ಡಿ ಏರಿಸಿದರೆ ಕುಸುಬಿ ಬೆಳೆಯುತ್ತದೆಯೇ?

2022ರ ಮೇ ತಿಂಗಳ ಮಾತು. ಕಟಕೋಳದ ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಪೇಪರು ಬಿಚ್ಚಿಕೊಂಡು ಕುಳಿತಿದ್ದೆ. ಪಕ್ಕದಲ್ಲಿ ನಮ್ಮ ಓಣಿಯ ಕಾಕಾ. ಎಂಬತ್ತರ ಸಮೀಪದ ಜೀವ, ನಾಲ್ಕು ಎಕರೆ ಎರೆಹೊಲ, ಎರಡು ಎತ್ತು, ಹರಿತವಾದ ನಾಲಿಗೆ. ಮಿರ್ಚಿಯ ತಾಟು ಬಂತು. ಕಾಕಾ ಒಂದು ಮಿರ್ಚಿಯನ್ನು ಎತ್ತಿ ಹಿಡಿದು, ಬಂಗಾರದ ಅಂಗಡಿಯವನ ಹಾಗೆ ತೂಗಿ ನೋಡಿದ. "ಏನಪಾ, ಮೆಣಸಿನಕಾಯಿಗಿ ಹಿಟ್ಟು ಹಚ್ಚೀಯೋ, ಬರೇ ತೋರಿಸಿ ತಗದೀಯೋ?" ಎಂದು ಅಂಗಡಿಯವನನ್ನು ಕೇಳಿದ. ಅವನಿಗೂ ಸಿಟ್ಟು ಬಂದಿತ್ತು. "ಎಣ್ಣಿ ಡಬ್ಬಿ ರೇಟ್ ಕೇಳೀಯೇನ್ ಕಾಕಾ? ರೇಟ್ ಏರಸಲಿಲ್ಲ, ಮಿರ್ಚಿ ಸಣ್ಣದ್ ಮಾಡೀನಿ. ಅಷ್ಟ."

ನಾನು ಸಮಯಕ್ಕೆ ಸರಿಯಾಗಿ ಪೇಪರಿನ ತಲೆಬರಹ ಓದಿದೆ. ಬೆಲೆಯೇರಿಕೆ ತಡೆಯಲು ರಿಸರ್ವ್ ಬ್ಯಾಂಕು ನಿಗದಿತ ಸಭೆಗೂ ಕಾಯದೆ ರೆಪೋ ದರವನ್ನು ಶೇಕಡಾ 4ರಿಂದ 4.40ಕ್ಕೆ ಏರಿಸಿದೆ ಎಂಬ ಸುದ್ದಿ.

"ಮಾಸ್ತರ, ಬಡ್ಡಿ ಏರಿಸಿದ್ರ ಎಣ್ಣಿ ರೇಟ್ ಹೆಂಗ ಇಳಿತೈತಿ?" ಎಂದ ಕಾಕಾ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಕೇಳಿದ್ದಕ್ಕೆ ಉತ್ತರ ಕೊಡದೆ ಬಿಡುವ ರೂಢಿ ಇಲ್ಲ. ಬಡ್ಡಿ ಏರಿದರೆ ಜನ ಸಾಲ ತೆಗೆಯುವುದು ಕಡಿಮೆಯಾಗುತ್ತದೆ, ಕೈಯಲ್ಲಿ ರೊಕ್ಕ ಕಡಿಮೆಯಾದರೆ ಕೊಳ್ಳುವುದು ಕಡಿಮೆಯಾಗುತ್ತದೆ, ಕೊಳ್ಳುವವರು ಕಡಿಮೆಯಾದರೆ ಬೆಲೆ ಇಳಿಯುತ್ತದೆ ಎಂದು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದ ಹಾಗೆ ಬಿಡಿಸಿ ಹೇಳಿದೆ. ಕಾಕಾ ಕೇಳಿದ. ಚಹಾ ಸಾಸರಿಗೆ ಸುರುವಿಕೊಂಡ. "ಅಂದ್ರ ನಾವು ಕಡಿಮಿ ತಿನ್ನಬೇಕು ಅಂದಂಗಾತು. ಅದನ್ನ ಸೀದಾ ಹೇಳಬಾರದ?" ಎಂದ.

ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಮಾತ್ರ ನಗು ಉಳಿಯಲಿಲ್ಲ. ಕಾಕಾನ ಆ ಮಾತಿಗೆ ಅಂದಿನಿಂದ ಉತ್ತರ ಹುಡುಕುತ್ತಿದ್ದೇನೆ. ಹುಡುಕಿದಷ್ಟೂ ಅವನ ಪಕ್ಷಕ್ಕೇ ಸೇರುತ್ತ ಬಂದಿದ್ದೇನೆ. ಅರ್ಥಶಾಸ್ತ್ರ ಬಲ್ಲವರು ಇದನ್ನು ಓದಿ ಮುನಿಯಬಹುದು. ಮುನಿಯಲಿ. ಬಡ್ಡಿ ಕಟ್ಟುವವರಿಗೂ ಒಂದು ಮಾತು ಆಡುವ ಹಕ್ಕುಂಟು.

ಮೊದಲು ಆ ವರ್ಷ ನಡೆದದ್ದೇನು ಎಂಬುದನ್ನು ನೋಡೋಣ. 2022ರ ಫೆಬ್ರುವರಿಯಲ್ಲಿ ರಷ್ಯಾ ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ನಮ್ಮ ದೇಶಕ್ಕೆ ಬರುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆ ಎರಡು ದೇಶಗಳಿಂದಲೇ ಬರುತ್ತಿತ್ತು. ಹಡಗು ನಿಂತವು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತನ್ನ ಜನಕ್ಕೇ ಎಣ್ಣೆ ಸಾಲದೆಂದು ಪಾಮ್ ಎಣ್ಣೆಯ ರಫ್ತನ್ನೇ ಕೆಲವು ವಾರ ಬಂದ್ ಮಾಡಿತು. ಆ ತಿಂಗಳು ನಮ್ಮ ದೇಶದ ಬೆಲೆಯೇರಿಕೆ ಶೇಕಡಾ 7.79. ಅಮೇರಿಕೆಯಲ್ಲಿ ಜೂನಿನ ಹೊತ್ತಿಗೆ ಶೇಕಡಾ 9.1, ನಲವತ್ತು ವರ್ಷದಲ್ಲಿ ಅಷ್ಟು ಏರಿರಲಿಲ್ಲ. ಅಲ್ಲಿಯ ಫೆಡರಲ್ ರಿಸರ್ವ್ ಬಡ್ಡಿಯನ್ನು ಸೊನ್ನೆಯ ಹತ್ತಿರದಿಂದ ಎಬ್ಬಿಸಿ 2023ರ ಜುಲೈ ಹೊತ್ತಿಗೆ ಐದೂಕಾಲರಿಂದ ಐದೂವರೆಯ ನಡುವೆ ತಂದು ನಿಲ್ಲಿಸಿತು. ಅಲ್ಲಿ ಬಡ್ಡಿ ಹೆಚ್ಚಾದರೆ ಡಾಲರು ತವರಿಗೆ ಓಡುತ್ತದೆ. ಡಾಲರಿಗೆ ಸುಮಾರು 75 ಇದ್ದ ರೂಪಾಯಿ ಆ ವರ್ಷದ ಅಕ್ಟೋಬರಿನಲ್ಲಿ 83ರ ಹತ್ತಿರ ಬಂತು. ರೂಪಾಯಿ ಸೋತರೆ ಹೊರಗಿನಿಂದ ತರುವ ಎಣ್ಣೆ, ಡೀಸೆಲ್ಲು, ಗೊಬ್ಬರ ಇನ್ನಷ್ಟು ತುಟ್ಟಿ. ಹೀಗಾಗಿ ನಮ್ಮ ರಿಸರ್ವ್ ಬ್ಯಾಂಕೂ ಏರಿಸುತ್ತ ಹೋಯಿತು. 2023ರ ಫೆಬ್ರುವರಿಗೆ ರೆಪೋ ದರ 6.50 ಮುಟ್ಟಿತು.

ಈಗ ಹೇಳಿ. ಇದರಲ್ಲಿ ಕಟಕೋಳದವರು ಮಾಡಿದ ತಪ್ಪು ಯಾವುದು? ಕಾಕಾ ಯುಕ್ರೇನಿಗೆ ಹೋಗಿರಲಿಲ್ಲ. ಅವನು ಆ ವರ್ಷ ಹೆಚ್ಚಿಗೆ ಮಿರ್ಚಿ ತಿಂದದ್ದೂ ಇಲ್ಲ. ಎಣ್ಣೆ ಕಡಿಮೆ ಬಿದ್ದದ್ದು ಹಡಗು ಬಾರದ್ದಕ್ಕೆ. ಹಡಗು ಬರುವ ತನಕ ಬಾಯಿ ಕಟ್ಟಿಕೊಳ್ಳಿ ಎಂಬ ಬುದ್ಧಿವಾದಕ್ಕೆ ಬಡ್ಡಿನೀತಿ ಎಂದು ಹೆಸರು.

ಕುಸುಬಿಯ ಮಾತು ಇಲ್ಲಿ ಬರುತ್ತದೆ. ನಾನು ಹುಡುಗನಿದ್ದಾಗ ಹಿಂಗಾರಿ ಜೋಳದ ಹೊಲದಲ್ಲಿ ಅಕ್ಕಡಿ ಸಾಲಿಗೆ ಕುಸುಬಿ ಇರದ ಹೊಲವೇ ಇರಲಿಲ್ಲ. ಬದುವಿನ ಗುಂಟ ಹಾಕಿದರೆ ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುತ್ತಿರಲಿಲ್ಲ. ಎಳೆಯದಿದ್ದಾಗ ಪಲ್ಯೆ, ಬಲಿತಾಗ ಎಣ್ಣೆ. ವರ್ಷದ ಎಣ್ಣೆ ಮನೆಯ ಕಾಳಿನಿಂದಲೇ ಗಾಣದಲ್ಲಿ ಇಳಿಯುತ್ತಿತ್ತು. ಆಗ ನಮ್ಮವ್ವ ಎಣ್ಣೆಯ ದರ ಕೇಳಿದ್ದನ್ನು ನಾನು ಕಂಡಿಲ್ಲ. ಮಳೆ ಆಯಿತೋ ಇಲ್ಲವೋ ಎಂದಷ್ಟೇ ಕೇಳುತ್ತಿದ್ದಳು.

ಆ ಎಣ್ಣೆ ಎಲ್ಲಿ ಹೋಯಿತು? ಕೊಯ್ಲಿಗೆ ಆಳು ಸಿಗಲಿಲ್ಲ, ಮುಳ್ಳಿನ ಬೆಳೆಗೆ ಯಾರೂ ಕೈ ಹಾಕಲಿಲ್ಲ, ಇದು ನಿಜ. ಅದರ ಮೇಲೆ ದಿಲ್ಲಿಯ ಕೈಯೂ ಬಿತ್ತು. 1986ರಲ್ಲಿ ಸರ್ಕಾರವೇ ಎಣ್ಣೆಕಾಳಿಗಾಗಿ ಒಂದು ತಂತ್ರಜ್ಞಾನ ಮಿಷನ್ ಮಾಡಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದೇಶ ಬಹುತೇಕ ತನ್ನ ಎಣ್ಣೆಯನ್ನು ತಾನೇ ತೆಗೆಯುವ ಮಟ್ಟಕ್ಕೆ ಬಂದಿತ್ತು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆದರು. ಆಗ ಸುಂಕ ಶೇಕಡಾ 65. ನಾಲ್ಕೇ ವರ್ಷದಲ್ಲಿ ಅದನ್ನು 15ಕ್ಕೆ ಇಳಿಸಿದರು. ಅಗ್ಗದ ಎಣ್ಣೆ ಹೊಳೆಯಾಗಿ ಬಂತು, ಕುಸುಬಿಯ ದರ ನೆಲಕಚ್ಚಿತು, ಗಾಣದ ಕಲ್ಲು ಹಿತ್ತಲಲ್ಲಿ ಬಟ್ಟೆ ಒಗೆಯಲು ಬಂತು. ಇಂದು ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಮನೆಯ ಗಾಣ ಮುರಿದು ಸಮುದ್ರದಾಚೆಯ ಗಾಣಕ್ಕೆ ಕೊರಳು ಕಟ್ಟಿಕೊಂಡವರು, ಅಲ್ಲಿ ಯುದ್ಧವಾದಾಗ ನಮ್ಮ ಸಾಲದ ಮೇಲೆ ಬಡ್ಡಿ ಏರಿಸುತ್ತಾರೆ. ಬಡ್ಡಿ ಏರಿಸಿದರೆ ಕುಸುಬಿ ಬೆಳೆಯುತ್ತದೆಯೇ?

ಎದುರಿನವರ ವಾದವನ್ನೂ ಕೇಳಬೇಕು. ಬೆಲೆಯೇರಿಕೆಯನ್ನು ಹಾಗೆಯೇ ಬಿಟ್ಟರೆ ಕೂಲಿಯವನ ಕೂಲಿ ಕರಗುತ್ತದೆ, ಪಿಂಚಣಿಯವನ ಪಿಂಚಣಿ ಸವೆಯುತ್ತದೆ, ಅದಕ್ಕೆ ಮೊದಲು ಬಲಿಯಾಗುವವನು ಬಡವನೇ ಎನ್ನುತ್ತಾರೆ. ನಿಜ. ನಾನೂ ಪಿಂಚಣಿಯವನೇ. ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ ಇಟ್ಟವನು. ಬಡ್ಡಿ ಏರಿದಾಗ ನನಗೂ ನಾಲ್ಕು ಕಾಸು ಹೆಚ್ಚು ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಅಮೇರಿಕೆಯ ಪಾಲ್ ವೋಲ್ಕರ್ ಎಂಬಾತ 1981ರಲ್ಲಿ ಬಡ್ಡಿಯನ್ನು ಶೇಕಡಾ 19ರ ಆಚೆ ಒಯ್ದು ಅಲ್ಲಿಯ ಬೆಲೆಯೇರಿಕೆಯನ್ನು ಮುರಿದ ಎಂದು ಉದಾಹರಣೆ ಕೊಡುತ್ತಾರೆ. ಮುರಿದದ್ದೂ ಹೌದು. ಅದೇ ಬಡ್ಡಿಗೆ ಅಲ್ಲಿಯ ಸಾಲಗಾರ ರೈತರ ಹೊಲ ಹರಾಜಾದವು, ಅವರು ಟ್ರ್ಯಾಕ್ಟರು ಒಯ್ದು ಫೆಡರಲ್ ರಿಸರ್ವಿನ ಕಟ್ಟಡದ ಮುಂದೆ ನಿಲ್ಲಿಸಿದರು. 1982ರ ಆಗಸ್ಟಿನಲ್ಲಿ ಮೆಕ್ಸಿಕೋ ದೇಶ ಸಾಲ ತೀರಿಸಲಾರೆನೆಂದು ಕೈಯೆತ್ತಿತು. ಔಷಧಿ ಕೆಲಸ ಮಾಡಿತು ಎನ್ನುವವರು, ಕುಡಿದವರು ಯಾರು ಎಂಬುದನ್ನೂ ಹೇಳಬೇಕು.

ಇಷ್ಟಾಗಿ ನಮ್ಮ ದೇಶದಲ್ಲಿ ಔಷಧಿ ಕೆಲಸ ಮಾಡಿತೇ? ಲೆಕ್ಕದ ಮಾಸ್ತರನಾಗಿ ಅಂಕಿಗಳನ್ನು ಎದುರಿಗೆ ಇಡುತ್ತೇನೆ. 2023ರ ಫೆಬ್ರುವರಿಯಿಂದ 2025ರ ಫೆಬ್ರುವರಿಯವರೆಗೆ, ಪೂರ್ತಿ ಎರಡು ವರ್ಷ, ರೆಪೋ ದರ 6.50ರಲ್ಲೇ ನಿಂತಿತ್ತು. 2023ರಲ್ಲಿ ಮಳೆ ಕೈಕೊಟ್ಟಿತು. ನಮ್ಮ ರಾಜ್ಯದ 236 ತಾಲೂಕುಗಳ ಪೈಕಿ 223 ಬರಗಾಲಕ್ಕೆ ಸೇರಿದವು. ಬಡ್ಡಿ ಗಟ್ಟಿಯಾಗಿ ನಿಂತೇ ಇತ್ತು, ತಿನ್ನುವ ಪದಾರ್ಥದ ಬೆಲೆ ಏರುತ್ತಲೇ ಇತ್ತು. 2024ರ ಅಕ್ಟೋಬರಿನಲ್ಲೂ ಆಹಾರದ ಬೆಲೆಯೇರಿಕೆ ಶೇಕಡಾ 10.87. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು, ಮರುವರ್ಷವೂ ಆಯಿತು, ಸುಗ್ಗಿ ಬಂತು. 2025ರ ಅಕ್ಟೋಬರಿಗೆ ಒಟ್ಟು ಬೆಲೆಯೇರಿಕೆ ಶೇಕಡಾ 0.25ಕ್ಕೆ ಇಳಿಯಿತು, ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇಕಡಾ 5ರಷ್ಟು ಕೆಳಗೆ ಹೋಯಿತು. ಅದೇ ವರ್ಷ ರಿಸರ್ವ್ ಬ್ಯಾಂಕು ಬಡ್ಡಿಯನ್ನು ಏರಿಸುತ್ತಿರಲಿಲ್ಲ, ಇಳಿಸುತ್ತಿತ್ತು. ಬೆಲೆ ಇಳಿಸಿದ್ದು ಮುಂಬಯಿಯ ಸಮಿತಿಯೋ, ಮಳೆರಾಯನೋ?

ಇದು ಹಳ್ಳಿ ಮಾಸ್ತರನೊಬ್ಬನ ಹುಂಬತನವಲ್ಲ. 2012ನ್ನು ಆಧಾರವಾಗಿಟ್ಟುಕೊಂಡ ಬೆಲೆಸೂಚಿಯಲ್ಲಿ ತಿನ್ನುವ, ಕುಡಿಯುವ ಪದಾರ್ಥಗಳ ತೂಕ ನೂರಕ್ಕೆ ಸುಮಾರು 46. ತಿನ್ನುವ ಪದಾರ್ಥದ ಬೆಲೆ ಬೇಡಿಕೆಗಿಂತ ಹೆಚ್ಚಾಗಿ ಪೂರೈಕೆಯ ಮೇಲೆ ನಿಂತಿದೆ, ಅದನ್ನು ಬಿಟ್ಟು ಬೆಲೆಯೇರಿಕೆಯ ಗುರಿ ಇಡಬಹುದೇ ಎಂದು ಕೇಂದ್ರ ಸರ್ಕಾರದ 2023-24ರ ಆರ್ಥಿಕ ಸಮೀಕ್ಷೆಯೇ ಕೇಳಿತ್ತು. ಕಾಕಾ ಮಿರ್ಚಿ ಹಿಡಿದು ಕೇಳಿದ್ದೂ ಅದೇ. ಅವನು ಎರಡು ವರ್ಷ ಮೊದಲು ಕೇಳಿದ.

ಇನ್ನು ಈ ಬಡ್ಡಿ ಊರೊಳಗೆ ಹೇಗೆ ಬರುತ್ತದೆ ಎಂಬುದನ್ನು ನೋಡಿ. ನಮ್ಮ ಕರ್ನಾಟಕದಲ್ಲಿ ರೈತನಿಗೆ ಸೊಸೈಟಿಯ ಬೆಳೆಸಾಲ ಶೂನ್ಯ ಬಡ್ಡಿಗೆ ಸಿಗುತ್ತದಲ್ಲ, ನಿಮಗೇನು ಕಷ್ಟ ಎಂದು ಪಟ್ಟಣದ ಗೆಳೆಯರು ಕೇಳುತ್ತಾರೆ. ಸಿಗುತ್ತದೆ. 2023ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು ಮೂರು ಲಕ್ಷದಿಂದ ಐದಕ್ಕೆ ಏರಿಸಿದರು. ಅದನ್ನು ನಾನು ಹಗುರ ಮಾಡುವುದಿಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದೇ ಸಾವಕಾರನ ಬಡ್ಡಿಯಿಂದ ರೈತನನ್ನು ಬಿಡಿಸಲಿಕ್ಕೆ. ಆ ಸಂಘದ ಪುಣ್ಯ ಇಂದಿಗೂ ನಮ್ಮನ್ನು ಕಾಯುತ್ತಿದೆ. ಆದರೆ ಆ ಸಾಲಕ್ಕೆ ಉತಾರದಲ್ಲಿ ಹೆಸರು ಇರಬೇಕು. ಪಾಲಿಗೆ ಮಾಡುವವನಿಗೆ, ಲಾವಣಿ ಹಾಕಿಕೊಂಡವನಿಗೆ ಉತಾರ ಎಲ್ಲಿಯದು? ಬಿತ್ತುವವನು ಒಬ್ಬ, ಶೂನ್ಯ ಬಡ್ಡಿ ಇನ್ನೊಬ್ಬನಿಗೆ. ಉತಾರ ಇದ್ದವನೂ ಅವಧಿಯೊಳಗೆ ತೀರಿಸಬೇಕು. ಬರಗಾಲದ ವರ್ಷ ಒಂದು ತಾರೀಖು ತಪ್ಪಿದರೆ ಶೂನ್ಯ ಹೋಗಿ ಬಡ್ಡಿ ಬಂದು ಕೂಡುತ್ತದೆ.

ಉತಾರ ಇಲ್ಲದ ಮನೆಯಲ್ಲಿ ಹೆಂಗಸರು ಸಾಲ ತರುತ್ತಾರೆ. ಫೈನಾನ್ಸಿನವರ ಸಂಘದ ಸಾಲ, ವಾರದ ಕಂತು. ಇಲ್ಲೊಂದು ತಾರೀಖನ್ನು ಓದುಗರು ನೆನಪಿಡಬೇಕು. ಅದುವರೆಗೆ ಕಿರುಸಾಲದ ಕಂಪನಿಗಳ ಬಡ್ಡಿಗೆ ರಿಸರ್ವ್ ಬ್ಯಾಂಕು ಒಂದು ಮೇಲ್ಮಿತಿ ಇಟ್ಟಿತ್ತು. 2022ರ ಏಪ್ರಿಲ್ 1ರಿಂದ ಆ ಮಿತಿಯನ್ನು ತೆಗೆದುಹಾಕಿತು. ದರ ಅತಿಯಾಗಬಾರದು ಎಂದು ಹೇಳಿತು, ಅತಿ ಎಂದರೆ ಎಷ್ಟು ಎಂದು ಹೇಳಲಿಲ್ಲ. ಮಿತಿ ತೆಗೆದ ಮುಂದಿನ ತಿಂಗಳೇ ರೆಪೋ ಏರತೊಡಗಿತು. ಕಟ್ಟೆ ಒಡೆದು ಆಮೇಲೆ ನೀರು ಬಿಟ್ಟ ಹಾಗೆ. ಸಾಲಗಾರಳಿಗೆ ಶೇಕಡಾ 24, 25 ಎಂಬ ದರ ಸಾಮಾನ್ಯವಾಯಿತು. ನಮ್ಮ ಓಣಿಯ ಚಿಗವ್ವ ಒಬ್ಬಳು ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದ ಸಾಲ ತೆಗೆದಳು. ಅದನ್ನು ಕಟ್ಟಲು ಬೋರಮಾಳ ಅಡವು ಇಟ್ಟಳು. ವಸೂಲಿಯ ಹುಡುಗರು ಬರುವ ದಿನ ಮನೆಗೆ ಕೀಲಿ ಹಾಕಿ ಹೊಲದಲ್ಲಿ ಕೂರುತ್ತಿದ್ದಳು. ಇಂಥವರ ಗೋಳು ರಾಜ್ಯದ ತುಂಬ ಎದ್ದಮೇಲೆ 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿಯ ವಿರುದ್ಧ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಸೆರೆವಾಸ ಎಂದು ಬರೆದರು. ಬಾಗಿಲು ಬಡಿಯುವವನಿಗೆ ಶಿಕ್ಷೆ ಆದೀತು. ಬಡ್ಡಿಯ ದರ ಬರೆದವನ ಕೈ ಹಿಡಿಯುವವರು ಯಾರು?

ನೌಕರಿಯವರೂ ತಪ್ಪಿಸಿಕೊಳ್ಳಲಿಲ್ಲ. ನನ್ನ ತಂಗಿಯ ಮಗ 2022ರ ಮೊದಲಿಗೆ ಬೆಳಗಾವಿಯಲ್ಲಿ ಮನೆಗೆಂದು ಇಪ್ಪತ್ತು ಲಕ್ಷ ಸಾಲ ತೆಗೆದ. ಶೇಕಡಾ 7ರ ದರ, ಇಪ್ಪತ್ತು ವರ್ಷ, ತಿಂಗಳ ಕಂತು ಸುಮಾರು 15,500. ವರ್ಷ ತುಂಬುವಷ್ಟರಲ್ಲಿ ದರ ಒಂಬತ್ತೂವರೆ. ಕಂತು ಮಾತ್ರ ಅಷ್ಟೇ ಇತ್ತು. ಹುಡುಗ ಖುಷಿಯಾಗಿದ್ದ. ನಾನು ಕಾಗದ ತರಿಸಿ ಲೆಕ್ಕ ಹಾಕಿದೆ. ಉಳಿದ ಅಸಲು ಸುಮಾರು ಹತ್ತೊಂಬತ್ತೂವರೆ ಲಕ್ಷ, ಅದರ ತಿಂಗಳ ಬಡ್ಡಿಯೇ 15,400ರ ಮೇಲೆ. ಕಂತಿನಲ್ಲಿ ಅಸಲಿಗೆ ಹೋಗುವುದು ನೂರು ರೂಪಾಯಿಯೂ ಇಲ್ಲ! ಬ್ಯಾಂಕಿನವರು ಕಂತಿನ ಮೊತ್ತ ಮುಟ್ಟದೆ, ಕಂತುಗಳ ಸಂಖ್ಯೆಯನ್ನು ಸದ್ದಿಲ್ಲದೆ ಸುಮಾರು ಮೂರು ಪಟ್ಟು ಮಾಡಿದ್ದರು. ಹುಡುಗನ ನಿವೃತ್ತಿಯ ಆಚೆಗೂ ಸಾಲ ಬೆಳೆದಿತ್ತು. ಬಿ.ಇ. ಓದಿದವನಿಗೇ ಇದು ತಿಳಿಯದಿದ್ದರೆ ಹೆಬ್ಬೆಟ್ಟು ಒತ್ತುವ ಚಿಗವ್ವನಿಗೆ ಏನು ತಿಳಿದೀತು?

ಇದೆಲ್ಲ ಕೊಡಬೇಕಾದ ಬಡ್ಡಿ. ರೈತನಿಗೆ ಬರಬೇಕಾದ ಬಡ್ಡಿಯೂ ಒಂದುಂಟು. ಅದರ ಸುದ್ದಿ ಬಹಳ ಜನಕ್ಕೆ ಗೊತ್ತಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ಕಬ್ಬು ತೆಗೆದುಕೊಂಡ ಹದಿನಾಲ್ಕು ದಿನದೊಳಗೆ ಬಿಲ್ಲು ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಬೇಕು. ಒಂದು ವರ್ಷ ನನ್ನ ಕಬ್ಬಿನ ಬಿಲ್ಲು ಐದು ತಿಂಗಳು ತಡವಾಗಿ ಬಂತು. ಬಡ್ಡಿ ಎಲ್ಲಿ ಎಂದು ಕಾರ್ಖಾನೆಯ ಕಚೇರಿಯಲ್ಲಿ ಕೇಳಿದೆ. ಕಾರಕೂನ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಬಿಲ್ ಬಂದದ್ದಽ ಪುಣ್ಯೇ ಅನ್ರಿ ಸರ" ಎಂದ. ಅದೇ ಐದು ತಿಂಗಳು ನನ್ನ ಸಾಲದ ಬಡ್ಡಿ ಒಂದು ದಿನವೂ ರಜೆ ತೆಗೆದುಕೊಳ್ಳಲಿಲ್ಲ. ಕೆಳಗಿನಿಂದ ಮೇಲಕ್ಕೆ ಹೋಗುವ ಬಡ್ಡಿಗೆ ಗಡಿಯಾರ ಉಂಟು. ಮೇಲಿನಿಂದ ಕೆಳಗೆ ಬರಬೇಕಾದ ಬಡ್ಡಿಗೆ ಕ್ಯಾಲೆಂಡರೂ ಇಲ್ಲ. 2025ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ರಸ್ತೆಯ ಮೇಲೆ ಕುಳಿತದ್ದು ಕಬ್ಬಿನ ದರಕ್ಕಾಗಿ. ಅದರ ಹಿಂದಿನ ಸಿಟ್ಟು ಇಂಥ ಹಳೆಯ ಲೆಕ್ಕಗಳದ್ದೂ ಹೌದು.

ಮಲಪ್ರಭೆಯ ಸೀಮೆಯವರಿಗೆ ಇದು ಹೊಸದೇನಲ್ಲ. ಹೊಲಕ್ಕೆ ನೀರು ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿ ಕಟ್ಟಿರೆಂದು ನೋಟೀಸು ಮುಟ್ಟಿತ್ತು. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ಎದ್ದರು, ಗೋಲಿಬಾರು ಆಯಿತು, ಜೀವ ಹೋದವು. ವಸೂಲಿ ಮುಂದೆ, ನೀರು ಹಿಂದೆ. ಆಗಿನ ಲೆವಿಯ ಜಾಗದಲ್ಲಿ ಈಗ ಬಡ್ಡಿ ಕುಳಿತಿದೆ.

ಇನ್ನೊಂದು ಪೆಟ್ಟನ್ನು ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. ಬೆಲೆಯೇರಿಕೆ ತಡೆಯುವ ಹೆಸರಿನಲ್ಲಿ 2022ರ ಮೇ 13ರಂದು ಗೋಧಿಯ ರಫ್ತು ನಿಲ್ಲಿಸಿದರು. ಜೂನಿನಿಂದ ಸಕ್ಕರೆಗೆ ಕಡಿವಾಣ. 2023ರ ಜುಲೈನಲ್ಲಿ ಅಕ್ಕಿ. ಆಗಸ್ಟಿನಲ್ಲಿ ಉಳ್ಳಾಗಡ್ಡಿಯ ಮೇಲೆ ಶೇಕಡಾ 40ರ ರಫ್ತು ಸುಂಕ, ಡಿಸೆಂಬರಿನಲ್ಲಿ ಪೂರ್ತಿ ಬಂದ್. ಅದೇ ಡಿಸೆಂಬರಿನಲ್ಲಿ ಹಳದಿ ಬಟಾಣಿಗೆ ಸುಂಕವಿಲ್ಲದೆ ಬಾಗಿಲು ತೆರೆದರು, ನಮ್ಮ ಕಡಲೆಯ ದರ ಮೇಲೇಳದಂತೆ. ರೈತನ ಮಾಲಿಗೆ ದರ ಬಂದಾಗ ದೇಶಕ್ಕೆ ಬೆಲೆಯೇರಿಕೆಯ ಜ್ವರ. ದರ ಬಿದ್ದಾಗ ಯಾರಿಗೂ ಮೈ ಬಿಸಿಯಾಗುವುದಿಲ್ಲ. 2025ರ ಅಕ್ಟೋಬರಿನ ಆ ಶೇಕಡಾ 0.25ನ್ನು ಪೇಪರಿನವರು ಹಬ್ಬದಂತೆ ಬರೆದರು. ಅದೇ ಹೊತ್ತಿಗೆ ಗೊಂಜಾಳಕ್ಕೆ ಕೇಂದ್ರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400, ನಮ್ಮ ಪೇಟೆಯಲ್ಲಿ ಕೇಳಿದ್ದು ಎರಡು ಸಾವಿರದ ಕೆಳಗೆ. ಕೊಳ್ಳುವಾಗ ಒಮ್ಮೆ, ಮಾರುವಾಗ ಒಮ್ಮೆ, ಸಾಲ ಕಟ್ಟುವಾಗ ಒಮ್ಮೆ, ಒಂದೇ ರೋಗಕ್ಕೆ ಮೂರು ಸಲ ಬರೆ ಹಾಕಿಸಿಕೊಂಡವನು ಇವನೇ.

ಬರೀ ಬೈದು ಎದ್ದು ಹೋಗುವುದು ಮಾಸ್ತರಿಕೆಯಲ್ಲ. ಬೇಡುವುದನ್ನು ಬೇಡುತ್ತೇನೆ. ಕಿರುಸಾಲದ ಬಡ್ಡಿಗೆ ತೆಗೆದ ಮಿತಿಯನ್ನು ಮತ್ತೆ ಹಾಕಿ. ಪಾಲಿನವನಿಗೂ ಬೆಳೆಸಾಲ ಸಿಗುವ ದಾರಿ ಮಾಡಿ. ಕಬ್ಬಿನ ಬಾಕಿಯ ಶೇಕಡಾ 15ನ್ನು, ರೈತ ಕೇಳದೆಯೇ, ಬಿಲ್ಲಿನ ಸಂಗಡ ಅವನ ಖಾತೆಗೆ ಹಾಕಿಸಿ. ಬಿತ್ತುವಾಗ ಒಂದು ಕಾನೂನು, ರಾಶಿ ಮಾಡುವಾಗ ಇನ್ನೊಂದು ಮಾಡಬೇಡಿ. ಕುಸುಬಿ, ಶೇಂಗಾಗಳಿಗೆ ಬೆಂಬಲ ಬೆಲೆ ಸಾರಿದರೆ ಸಾಲದು, ಆ ಬೆಲೆಗೆ ಕೊಳ್ಳಿ. ಬಡ್ಡಿ ನಿರ್ಧರಿಸುವ ಸಮಿತಿಯಲ್ಲಿ ಆರು ಜನ ಇದ್ದಾರೆ, ದೊಡ್ಡ ದೊಡ್ಡ ಓದು ಓದಿದವರು. ಅವರ ಓದಿನ ಬಗ್ಗೆ ನನಗೆ ಗೌರವವಿದೆ. ಅವರಲ್ಲಿ ಒಬ್ಬರಾದರೂ ವರ್ಷಕ್ಕೊಮ್ಮೆ ಕಟಕೋಳದಂಥ ಊರಿನ ವಾರದ ಕಂತಿನ ಸಭೆಯಲ್ಲಿ ಚಾಪೆಯ ಮೇಲೆ ಕೂರಲಿ.

2025ರ ಡಿಸೆಂಬರಿನಲ್ಲಿ ರೆಪೋ 5.25ಕ್ಕೆ ಇಳಿಯಿತು. ಅದೇ ಅಂಗಡಿ, ಅದೇ ಬೆಂಚು, ನಾನು ಓದಿದೆ. ಅಂದು ಅಂಗಡಿಗೆ ಹಾಲು ಕೊಡಲು ಬಂದಿದ್ದ ಚಿಗವ್ವ ನಿಂತು ಕೇಳಿಸಿಕೊಂಡಳು. "ನನ್ನ ಕಂತು ಇಳಿತೈತೇನ್ರಿ ಮಾಸ್ತರ?" ಎಂದಳು. ಇಲ್ಲವೆಂದೆ. ಅವಳ ಸಾಲಕ್ಕೆ ಬರೆದ ದರ ಬರೆದದ್ದೇ. ಕಾಕಾ ಚಹಾ ಮುಗಿಸಿ ಎದ್ದ. ಈ ಸಲ ಹಿಂಗಾರಿಯಲ್ಲಿ ಅವನು ಜೋಳದ ಸಂಗಡ ಎರಡು ಅಕ್ಕಡಿ ಕುಸುಬಿ ಹಾಕಿದ್ದಾನೆ. ಕೊಯ್ಲಿಗೆ ಆಳು ಎಲ್ಲಿಂದ ತರುತ್ತೀ ಎಂದು ಕೇಳಿದರೆ, "ಮಾಸ್ತರ, ನಿನಗ ಪಿಂಚಣಿ ಬರತೈತಿ, ಕೆಲಸ ಇಲ್ಲ. ಕೈಗೆ ಅರಿವಿ ಸುತಗೊಂಡು ಬಾ" ಎಂದ. ಒಪ್ಪಿಕೊಂಡಿದ್ದೇನೆ.